ಪೆಟ್ಟಿಗೆಯ ಒಳಬದಿ

“ಬೇಗ ಕೊಡಿ, ಚರ್ಚಿನಲ್ಲಿ ಎಲ್ಲರೂ ಕಾಯ್ತಿದ್ದಾರೆ” ಎಂದು ಮುಂಬೈನ ಜೋಗೇಶ್ವರಿಯ ಆ ಮುದಿ ಬಡಗಿಯ ಮೇಲೆ ರೇಗಿಬಿಟ್ಟೆ. ನಮ್ಮ ಬಿಲ್ಡಿಂಗಿನ ಮೇರಿ ಆಂಟಿ ತೀರಿಕೊಂಡಿದ್ದರು. ಅವರ ಶವಪೆಟ್ಟಿಗೆ ಒಯ್ಯಲು ಟೆಂಪೊ ತಂದಿದ್ದೆ. ಪೆಟ್ಟಿಗೆ ಸಿದ್ಧವಾಗಿದ್ದರೂ ಬೀದರ್ ಕಡೆಯ ಆ ಹಿರಿಯರು ಅದರೊಳಗೆ ಬಗ್ಗಿ ಸ್ಯಾಂಡ್‌ಪೇಪರ್ ಉಜ್ಜುತ್ತಲೇ ಇದ್ದರು.

“ಮಣ್ಣಿಗೆ ಹೋಗೋದಕ್ಕೆ ಇಷ್ಟೊಂದು ನಯ ಯಾಕೆ? ಒಳಗಡೆ ಯಾರು ನೋಡ್ತಾರೆ?”

“ಮಂದಿ ನೋಡೂದಿಲ್ರೀ. ಯೇಸಪ್ಪ ನೋಡ್ತಾನ” ಎಂದರು, ತಲೆಯೆತ್ತದೆ.

ಕೊನೆಗೂ ಪೆಟ್ಟಿಗೆಯನ್ನು ಟೆಂಪೊಗೆ ಏರಿಸಿದೆವು. ಆಗ ಅವರ ಹೆಂಡತಿ ನನ್ನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು: “ಸಿಟ್ಟಾಗಬ್ಯಾಡ್ರೀ ಸಾಹೇಬ್ರ. ನಿನ್ನೆ ನಮ್ಮ ಮಗನ್ನ ಮಣ್ಣು ಮಾಡಿ ಬಂದೀವಿ. ಅವನ ಪೆಟ್ಟಿಗೀನೂ ಇವರೇ ಮಾಡಿದ್ರು. ಕೈ ನಡುಗಿ, ಒಳಗ ನುಣ್ಣಗ ಮಾಡಾಕ ಆಗಲಿಲ್ಲ ಅಂತ ಅದನ್ನೇ ಹೇಳ್ಕೊಂಡು ಅಳ್ತಾರ.”

ಆ ಹಿರಿಯರ ಕಡೆ ತಿರುಗಿಯೂ ನೋಡದೆ ಟೆಂಪೊ ಹತ್ತಿದೆ.

ಮುಂದಿನ ವಾರ ಕ್ಷಮೆ ಕೇಳಲೆಂದೇ ಅಲ್ಲಿಗೆ ಹೋದೆ. ಅವರು ಪುಟ್ಟ ಮಗುವೊಂದರ ಪೆಟ್ಟಿಗೆಗೆ ಹಲಗೆ ಅಳೆಯುತ್ತಿದ್ದರು. ಅವರನ್ನು ಕರೆಯಲು ಧೈರ್ಯ ಸಾಲದೆ ಬಾಗಿಲಿಂದಲೇ ಹಿಂತಿರುಗಿದೆ. ಕೇಳಬೇಕಿದ್ದ ಆ ಕ್ಷಮೆ ಇನ್ನೂ ನನ್ನಲ್ಲೇ ಉಳಿದಿದೆ.