ಉಟ್ಟರ್‌ಸೀಲಿನಲ್ಲಿ ಓದದ ಅಧ್ಯಾಯ

ಕುದಿಯುವ ಚಹಾ ಬಿದ್ದೊಡನೆ ಬಟ್ಟಲಿನ ತಳದಲ್ಲಿದ್ದ ಕಲ್ಲುಸಕ್ಕರೆ ಟಿಕ್ಕೆಂದು ಬಿರಿಯಿತು. ಥೇಡಾ ಒನ್ಕೆನ್ ಬೆಚ್ಚಿದಳು. ಉತ್ತರ ಸಮುದ್ರದ ಈ ದಡದಲ್ಲಿ ಹುಟ್ಟಿದವರಾರೂ ಆ ಸದ್ದಿಗೆ ಬೆಚ್ಚುವುದಿಲ್ಲ, ನಮಗದು ಜೋಗುಳದಷ್ಟು ಹಳೆಯದು. ಆದರೆ ಆ ಸದ್ದು ಅಷ್ಟು ಸ್ಪಷ್ಟವಾಗಿ ಕೇಳಬೇಕಾದರೆ ಚಹಾ ಸುರಿಯುತ್ತಿದ್ದ ಗೆಳತಿ ಇಮ್ಕೆ ಒಂದೂ ಮಾತಾಡದೆ ಇರಬೇಕು. ಇಮ್ಕೆ ಮಾತಾಡದೆ ಚಹಾ ಸುರಿದದ್ದನ್ನು ಥೇಡಾ ಎಂದೂ ಕಂಡಿರಲಿಲ್ಲ.

"ರೈಲು ಅರ್ಧದಾರೀಲೇ ನಿಂತ್ಹೋಯ್ತು. ಆಮೇಲೆ ಬಸ್ಸು ಹತ್ತಿಸಿದ್ರು" ಎಂದಳು ಥೇಡಾ, ಏನಾದರೂ ಹೇಳಬೇಕಲ್ಲ ಎಂದು.

"ಹ್ಞೂಂ" ಎಂದಳು ಇಮ್ಕೆ. ಚಮಚವನ್ನು ಬಟ್ಟಲಿನ ಅಂಚಿಗೆ ತಾಗಿಸಿ ಕೆನೆಯನ್ನು ಸುತ್ತಲೂ ಬಿಟ್ಟಳು. ಕೆನೆ ತಳಕ್ಕೆ ಇಳಿದು ಮೋಡದಂತೆ ಮೇಲೆದ್ದಿತು. ಇಬ್ಬರೂ ಅದನ್ನೇ ನೋಡುತ್ತ ಕುಳಿತರು.

ಥೇಡಾ ಲೇರ್ ಪಟ್ಟಣದವಳು, ಸೈಕಲ್ಲಿನಲ್ಲಿ ಅಂಚೆ ಹಂಚುತ್ತಿದ್ದವನ ಮಗಳು. ವಯಸ್ಸು ಐವತ್ತು ದಾಟಿದೆ. ಹಗಲು ಶಾಲೆಯೊಂದರ ಗ್ರಂಥಾಲಯದಲ್ಲಿ ಕೆಲಸ, ಬೆಳಕು ಹರಿಯುವ ಮುಂಚೆ ಅಡುಗೆಮನೆಯ ಮೇಜಿನ ಮೇಲೆ ಬರವಣಿಗೆ. ಹೊಸ ಕಾದಂಬರಿ ಬಂದ ವರ್ಷ ಶರತ್ಕಾಲದಲ್ಲಿ ರಜೆ ಹಾಕಿ, ಪ್ರಕಾಶಕರು ಗೊತ್ತುಮಾಡಿದ ಊರುಗಳಿಗೆಲ್ಲ ಹೋಗಿ ಜನರೆದುರು ಅದನ್ನು ಓದಿ ಬರುತ್ತಾಳೆ. ಜೊತೆಗೆ ಒಂದು ಸೂಟ್‌ಕೇಸು, ಗಂಟಲಿಗೆ ಜ್ಯೇಷ್ಠಮಧುವಿನ ಗುಳಿಗೆ. ಊರೂರಿನ ದೀಪಗಳನ್ನು ನಂಬದೆ ತನ್ನದೇ ಒಂದು ಪುಟ್ಟ ಮೇಜುದೀಪವನ್ನೂ ಅಂಗಿಗಳ ನಡುವೆ ಸುತ್ತಿ ಇಟ್ಟುಕೊಳ್ಳುತ್ತಾಳೆ. ಎಲ್ಲಿಗೆ ಹೋದರೂ ಅದೇ ಮೇಜು, ಅದೇ ನೀರಿನ ಲೋಟ, ಪುಸ್ತಕದಲ್ಲಿ ಅದೇ ಗುರುತಿನ ಪುಟ. ಒಂದೇ ಸಾಲಿಗೆ ಎಲ್ಲ ಊರಿನವರೂ ನಗುತ್ತಾರೆ. ಕೈಯಲ್ಲಿ ಬರೆಯುತ್ತೀರೋ ಯಂತ್ರದಲ್ಲೋ ಎಂದು ಎಲ್ಲ ಊರಲ್ಲೂ ಒಬ್ಬರು ಕೇಳುತ್ತಾರೆ. ಆಕೆಗೆ ಇದು ಬೇಸರವಲ್ಲ. ಬಸ್ಸಿನ ಕಿಟಕಿಯಾಚೆ ಸಮುದ್ರದ ಏರಿಯ ಮೇಲೆ ಮೇಯುವ ಕುರಿಗಳು, ಓದು ಮುಗಿದ ಮೇಲೆ ಯಾರೋ ಕಾಗದದಲ್ಲಿ ಸುತ್ತಿಕೊಡುವ ಬೆಣ್ಣೆ ಹಚ್ಚಿದ ಒಣದ್ರಾಕ್ಷಿ ಬ್ರೆಡ್ಡು, ಹೆಸರು ಬರೆಸಿಕೊಳ್ಳುವಾಗ ಅಪರಿಚಿತರು ನಾಚುವ ರೀತಿ, ಎಲ್ಲ ಇಷ್ಟ.

ಈ ಸಲ ಒಂದೇ ಒಂದು ಊರು ಬೇಡವೆಂದು ಹೇಳಿದ್ದಳು. ಉಟ್ಟರ್‌ಸೀಲ್. "ನಿಮ್ಮ ಗೆಳತಿಯ ಪುಸ್ತಕದಂಗಡಿ ಇರೋ ಊರನ್ನೇ ಬಿಟ್ಟರೆ ಜನ ಏನಂದ್ಕೋತಾರೆ?" ಎಂದು ಪ್ರಕಾಶಕರ ಕಚೇರಿಯಾಕೆ ಕೇಳಿದ್ದಳು. ಆ ಪ್ರಶ್ನೆಯೇ ಥೇಡಾಳ ಹೆದರಿಕೆಯೂ ಆಗಿತ್ತು. ಬಿಟ್ಟರೂ ಅನುಮಾನ, ಬಂದರೂ ಅನುಮಾನ. ಬಂದಳು.

ಎರಡು ವರ್ಷದ ಹಿಂದಿನ ವಸಂತದಲ್ಲಿ ಇಮ್ಕೆಯ ಮನೆಯ ಮಹಡಿಯ ಕೋಣೆಯಲ್ಲಿ ಒಂದು ವಾರ ಬರೆಯುತ್ತ ಕೂತಿದ್ದಳು. ಬಟ್ಟಲು ತೊಳೆಯುತ್ತ ಇಮ್ಕೆ ಒಂದು ಮಾತು ಹೇಳಿದಳು. ಪಕ್ಕದ ಮನೆಯ ಮುದುಕಿ ಫೋಲ್ಕ ತನ್ನ ಹತ್ತೊಂಬತ್ತನೆಯ ವಯಸ್ಸಿನ ಸಂಗತಿಯನ್ನು ಹಿಂದಿನ ದಿನ, ಭಾನುವಾರ, ಥೇಡಾ ಏರಿಯ ಮೇಲೆ ನಡೆಯಲು ಹೋಗಿದ್ದಾಗ ತಾನೇ ಬಾಯಿಬಿಟ್ಟು ಹೇಳಿದ್ದಳಂತೆ, ಜೀವಮಾನದಲ್ಲಿ ಮೊದಲ ಸಲ. ಫೋಲ್ಕಳ ಅಣ್ಣ ಹಾಬ್ಬೋ ಚಿಪ್ಪು ಆಯಲು ನೀರಿಳಿದ ಕೆಸರುಬಯಲಿಗೆ ಹೋಗಿದ್ದ. ಮಂಜು ಕವಿಯಿತು. ಮಂಜು ಕವಿದರೆ ಏರಿಯ ಮೇಲಿನ ಗಂಟೆ ಬಾರಿಸುತ್ತಲೇ ಇರಬೇಕು. ಕೆಸರಿನಲ್ಲಿರುವವನಿಗೆ ಆ ಸದ್ದೇ ದಾರಿ. ಫೋಲ್ಕ ಬಾರಿಸಿದಳು. ನಡುವೆ ಗಂಟೆ ನಿಂತಿತು. ಭರತ ಏರಿತು, ಹಾಬ್ಬೋ ಬರಲಿಲ್ಲ. ಗಂಟೆಯ ಹಗ್ಗ ಹರಿದಿತ್ತು ಎಂದು ಊರು ತಿಳಿದಿತ್ತು. ಹಗ್ಗ ಹರಿದಿರಲಿಲ್ಲ. ಕೈ ಮರಗಟ್ಟಿತೆಂದು ಅವಳು ಒಳಗೆ ಹೋಗಿ ಚಹಾ ಕುಡಿದಿದ್ದಳು, ಮೂರು ಬಟ್ಟಲು. ಅಣ್ಣನ ಬಟ್ಟಲಿಗೂ ಸುರಿದು ಅವನ ಜಾಗದಲ್ಲಿ ಇಟ್ಟಿದ್ದಳು, ಬಂದ ಕೂಡಲೇ ಕುಡಿಯಲಿ ಎಂದು. ಆಮೇಲೆ ಹೊರಗೆ ಬಂದು ತಾನೇ ಹಗ್ಗ ಕತ್ತರಿಸಿದ್ದಳು.

"ಇದು ಇಲ್ಲಿಗೇ, ಥೇಡಾ" ಎಂದಿದ್ದಳು ಇಮ್ಕೆ. ಥೇಡಾ ತಲೆಯಾಡಿಸಿದ್ದಳು.

ತಲೆಯಾಡಿಸಿದವಳು ಬರೆದಳು. ಊರನ್ನು ದ್ವೀಪ ಮಾಡಿದಳು, ಅಣ್ಣನನ್ನು ಮದುವೆ ಗೊತ್ತಾದ ಗಂಡು ಮಾಡಿದಳು, ಚಿಪ್ಪಿನ ಬುಟ್ಟಿಯನ್ನು ಅಂಚೆಚೀಲ ಮಾಡಿದಳು. ಮೇಜಿನ ಮೇಲೆ ತಣ್ಣಗಾಗುವ ಆ ಬಟ್ಟಲನ್ನು ಮಾತ್ರ ಬದಲಿಸಲಾಗಲಿಲ್ಲ. ಹಲವು ಬೆಳಗು ಪ್ರಯತ್ನಿಸಿದಳು. ಅದನ್ನು ತೆಗೆದರೆ ಪುಸ್ತಕ ಉಸಿರಾಡುತ್ತಿರಲಿಲ್ಲ.

"ಓದಿದ್ಯಾ?" ಎಂದು ಈಗ ಕೇಳಿದಳು.

"ಓದಿದೆ. ಚೆನ್ನಾಗಿದೆ."

"ಅಷ್ಟೇನಾ?"

"ಚೆನ್ನಾಗಿ ಹೋಗ್ತಾನೂ ಇದೆ. ಅದೇ ಹೆದರಿಕೆ ನಂಗೆ." ಇಮ್ಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಮೊದಲನೇ ದಿನವೇ ಫೋಲ್ಕಜ್ಜಿ ಬಂದು ಕೊಂಡ್ಕೊಂಡು ಹೋದ್ಲು. ಕತೆ ಪುಸ್ತಕ ಮುಟ್ಟಿದವಳೇ ಅಲ್ಲ. ಆಮೇಲೂ ದಿನಾ ಮಧ್ಯಾಹ್ನ ಊಟಕ್ಕೆ ಬರ್ತಾಳೆ. ಉಪ್ಪು ಜಾಸ್ತಿ ಅಂತಾಳೆ, ಆಲೂಗಡ್ಡೆ ಬೆಂದಿಲ್ಲ ಅಂತಾಳೆ. ಪುಸ್ತಕದ ಮಾತೇ ಎತ್ತಲ್ಲ."

"ಇನ್ನೂ ಓದಿಲ್ಲವೇನೋ."

"ಓದೋಕೇ ಅಂತ ಕನ್ನಡಕ ಬದಲಾಯಿಸಿದಾಳೆ ಕಣೇ."

ಇಮ್ಕೆಗೆ ಗಂಡ ತೀರಿಕೊಂಡ ಮೇಲೆ ಊಟದ ಮೇಜಿನಾಚೆ ಕೂರುವ ಜೀವ ಫೋಲ್ಕ ಒಬ್ಬಳೇ. ಉಟ್ಟರ್‌ಸೀಲಿನಂಥ ಊರು ಯಾರ ಮೇಲೂ ಬಾಗಿಲು ಬಡಿದು ಮುಚ್ಚುವುದಿಲ್ಲ. ಮೆಲ್ಲಗೆ, ಸದ್ದಾಗದಂತೆ ಮುಚ್ಚುತ್ತದೆ.

"ಆ ಗಂಟೆ ಅಧ್ಯಾಯ ಇಲ್ಲಿ ಓದಬೇಡ" ಎಂದಳು ಇಮ್ಕೆ. "ಯಾರು ಕೇಳಿದ್ರೂ ಎಲ್ಲ ನಿನ್ನ ತಲೆಯಿಂದ ಬಂದದ್ದು. ನಂಗೆ ಈ ವಯಸ್ಸಲ್ಲಿ ಇನ್ನೊಬ್ಬ ಫೋಲ್ಕಜ್ಜಿ ಸಿಗಲ್ಲ."

ಓದು ಇದ್ದದ್ದು ಅಗ್ನಿಶಾಮಕ ದಳದ ಕಟ್ಟಡದಲ್ಲಿ, ಭಾನುವಾರ ಮಧ್ಯಾಹ್ನ. ಕೆಂಪು ಲಾರಿಯನ್ನು ಹೊರಗೆ ನಿಲ್ಲಿಸಿ ಅದರ ಜಾಗದಲ್ಲಿ ಕುರ್ಚಿ ಹಾಕಿದ್ದರು. ದಳದ ಮುಖ್ಯಸ್ಥ ಏಲರ್ಟ್ ಎಲ್ಲರಿಗೂ "ಮೊಯ್ನ್" ಎಂದು ಆ ದಡದ ನಮಸ್ಕಾರ ಹೇಳಿ, "ಬೆಂಕಿ ಬಿದ್ದಾಗಲೂ ಇಷ್ಟು ಬೇಗ ಯಾರೂ ಬಂದಿಲ್ಲ" ಎಂದ. ಬೇರೆ ಊರುಗಳಲ್ಲಿ ಜನ ಹಿಂದಿನ ಸಾಲಿನಿಂದ ತುಂಬುತ್ತಾರೆ, ಇಲ್ಲಿ ಮುಂದಿನ ಸಾಲೇ ಮೊದಲು ತುಂಬಿತ್ತು. ಅದರ ನಟ್ಟನಡುವೆ ಫೋಲ್ಕ, ತೊಡೆಯ ಮೇಲೆ ಪುಸ್ತಕ, ಪುಸ್ತಕದ ಮೇಲೆ ಎರಡೂ ಕೈ.

ಥೇಡಾ ಶಾಲಾಮಾಸ್ತರನ ಹಂದಿ ತಪ್ಪಿಸಿಕೊಂಡ ಪ್ರಸಂಗ ಓದಿದಳು. ಎಲ್ಲ ಊರೂ ನಕ್ಕ ಸಾಲು ಬಂತು. ಇಲ್ಲಿ ಯಾರೂ ನಗಲಿಲ್ಲ. ಅವರು ಓದನ್ನು ಕೇಳುತ್ತಿರಲಿಲ್ಲ, ಆಕೆಯ ಮುಖ ನೋಡುತ್ತಿದ್ದರು. ದೀಪವನ್ನು ಸ್ವಲ್ಪ ಆಚೆ ತಿರುಗಿಸಿದಳು.

"ಗಂಟೆಯದ್ದು ಓದಲ್ವಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಗಂಟಲು ಸರಿಯಿಲ್ಲ."

"ಹಂದಿಗೆ ಸರಿಯಿತ್ತಲ್ಲ" ಎಂದ ಏಲರ್ಟ್. ಈಗ ನಕ್ಕರು. ಆ ನಗು ಥೇಡಾಳಿಗೆ ಹಿತವಾಗಲಿಲ್ಲ.

ಹೆಸರು ಬರೆಸಿಕೊಳ್ಳಲು ಸಾಲು ನಿಂತಿತು. ಒಬ್ಬೊಬ್ಬರದೂ ಒಂದೊಂದು ಸಾಧು ಪ್ರಶ್ನೆ. ಇಮ್ಕೆ ಮನೇಲೇ ಅಲ್ವಾ ಇಳ್ಕೊಳ್ಳೋದು? ಆ ವಸಂತದಲ್ಲೂ ಅಲ್ಲೇ ಇದ್ರಲ್ವಾ? ಇಮ್ಕೆ ಒಳ್ಳೇ ಮಾತುಗಾತಿ, ಅಲ್ವಾ? ಥೇಡಾ ಹೌದೆಂದರೂ ಸಿಕ್ಕಿಬೀಳುವಂತಿತ್ತು, ಇಲ್ಲವೆಂದರೂ ಅಷ್ಟೇ. ತಲೆಯೆತ್ತದೆ ಹೆಸರು ಬರೆಯುತ್ತ ಹೋದಳು. ಕೊನೆಗೆ ಮೂಳೆಯೆದ್ದ ಒಂದು ಕೈ ಪುಸ್ತಕವನ್ನು ಮುಂದಿಟ್ಟಿತು. ಅದರೊಳಗೆ ಒಂದೇ ಒಂದು ಕಡೆ ಗುರುತಿಗೆಂದು ಉಣ್ಣೆಯ ನೂಲು ಇಟ್ಟಿತ್ತು.

"ನನ್ನ ಹೆಸರು ಬರೀಬೇಡ ಮಗಳೇ" ಎಂದಳು ಫೋಲ್ಕ. "ಆಗಲೇ ಸಾಕಷ್ಟು ಬರ್ದಿದೀಯ. ಇಮ್ಕೆ ಮನೇಲಿ ಚಹಾಕ್ಕೆ ಸಿಗ್ತೀನಿ."

ಇಮ್ಕೆಯ ಅಂಗಡಿಯ ಹಿಂದೆಯೇ ಅವಳ ಅಡುಗೆಮನೆ. ಫೋಲ್ಕ ತನ್ನ ಮಾಮೂಲಿ ಕುರ್ಚಿಯಲ್ಲಿ ಕೂತಳು. ಮೊದಲ ಬಟ್ಟಲು ಮುಗಿಯುವವರೆಗೆ ಹವೆಯ ಮಾತಾಡಿದಳು, ಕುರಿಗಳ ಕಾಲುಹುಣ್ಣಿನ ಮಾತಾಡಿದಳು. ಇಮ್ಕೆ ಎರಡನೆಯದು ಸುರಿಯಲು ಎದ್ದಾಗ ಪುಸ್ತಕ ಮೇಜಿನ ಮೇಲೆ ಬಂತು.

"ಚೆನ್ನಾಗಿ ಬರೀತೀಯ. ಮಂಜು ಹೇಗಿರುತ್ತೆ ಅಂತ ನಿಂಗೆ ಗೊತ್ತು."

"ನಾನೂ ಇದೇ ದಡದವಳಲ್ವಾ, ಫೋಲ್ಕಜ್ಜಿ."

"ಅದಕ್ಕೇ ಕೇಳ್ತೀನಿ. ಆ ಹುಡುಗಿ ಗಂಟೆ ಬಿಟ್ಟು ಒಳಗೆ ಹೋಗಿ ಮೂರು ಬಟ್ಟಲು ಕುಡೀತಾಳೆ. ಅದನ್ನ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಚಳಿ ಹತ್ತಿದ್ರೆ ನಾವು ಏನ್ ಮಾಡ್ತೀವಿ? ಒಳಗೆ ಹೋಗ್ತೀವಿ. ಕುಡಿದ್ರೆ ಮೂರು. ಎರಡಕ್ಕೆ ಏಳೋರು ಯಾರಿದಾರೆ ಇಲ್ಲಿ?"

ಫೋಲ್ಕ ಅದನ್ನು ಬಾಯಲ್ಲಿ ಸಕ್ಕರೆಯ ಚೂರಿನಂತೆ ಹೊರಳಿಸಿ ನೋಡಿದಳು. "ಸರಿ. ಮೂರು ಬಟ್ಟಲು ನಮ್ಮೂರ ನಾಯಿಗೂ ಗೊತ್ತು. ಒಪ್ಪಿದೆ." ಇಮ್ಕೆಯ ಭುಜ ಸ್ವಲ್ಪ ಇಳಿಯಿತು. ಫೋಲ್ಕ ಅದನ್ನು ನೋಡಿದಳು. "ಆದ್ರೆ ಆ ಗಂಡಿನ ಬಟ್ಟಲಿಗೂ ಸುರಿದು ಇಡ್ತಾಳಲ್ಲ. ಇನ್ನೂ ಬರದವನಿಗೆ. ಅದು?"

"ನಮ್ಮಮ್ಮ ಹಾಗೇ ಮಾಡೋಳು. ಅಪ್ಪ ಬರೋಕೆ ಮುಂಚೆ ಸುರಿದಿಡೋಳು."

"ನಿಮ್ಮಪ್ಪ ಲೇರಲ್ಲಿ ಸೈಕಲ್ ಮೇಲೆ ಅಂಚೆ ಹಂಚ್ತಿದ್ದ. ನನ್ನ ತಂಗಿ ಅದೇ ಬೀದೀಲಿದ್ಲು. ಚರ್ಚಿನ ಗಡಿಯಾರಕ್ಕಿಂತ ಸರಿಯಾಗಿ ಮನೆಗೆ ಬರ್ತಿದ್ದ ಅಂತಿದ್ಲು. ಅಂಥವನಿಗೆ ಮುಂಚೆ ಸುರಿದಿಡೋದು ಯಾಕೆ ತಾಯಿ?"

ಇಷ್ಟು ಕಾದಂಬರಿಗಳನ್ನು ಬರೆದವಳಿಗೆ ಒಂದು ಸಣ್ಣ ಸುಳ್ಳು ನಿಲ್ಲಿಸಲಾಗಲಿಲ್ಲ. ಇಮ್ಕೆ ಫೋಲ್ಕಳ ಎರಡನೆಯ ಬಟ್ಟಲು ತುಂಬಿ ಚಹಾಪಾತ್ರೆ ಕೆಳಗಿಟ್ಟಳು.

"ನಾನು ಅದನ್ನ ಒಬ್ಬರ ಹತ್ರ ಮಾತ್ರ ಹೇಳಿದೀನಿ" ಎಂದಳು ಫೋಲ್ಕ. ಇಮ್ಕೆಯ ಕಡೆ ತಿರುಗಲಿಲ್ಲ. ತಿರುಗದಿರಲು ಆ ಮುದಿ ಕತ್ತು ಪಡುತ್ತಿದ್ದ ಕಷ್ಟ ಕಾಣುತ್ತಿತ್ತು. "ದಿನಾ ಅವಳ ಕೈಲಿ ಉಣ್ತೀನಿ. ನಾಳೆಯೂ ಉಣ್ಬೇಕು ಅಂತ ಆಸೆ. ಅದಕ್ಕೇ ಅವಳನ್ನ ಕೇಳಲ್ಲ, ನಿನ್ನ ಕೇಳ್ತಿದೀನಿ."

ಮುದುಕಿ ಸತ್ಯ ಕೇಳಲು ಬಂದಿದ್ದಾಳೋ, ನಂಬಬಹುದಾದ ಇನ್ನೊಂದು ಮಾತು ಬೇಡಲು ಬಂದಿದ್ದಾಳೋ, ಥೇಡಾಳಿಗೆ ತಿಳಿಯಲಿಲ್ಲ.

"ನಾನೇ ಕೇಳಿಸ್ಕೊಂಡೆ" ಎಂದಳು. "ಆ ಭಾನುವಾರ ನಾನು ಏರಿ ಮೇಲೆ ನಡೆಯೋಕೆ ಹೋಗಿದೀನಿ ಅಂದ್ಕೊಂಡಿದ್ರಿ. ಗಾಳಿ ಜಾಸ್ತಿ ಅಂತ ಬೇಗ ವಾಪಸ್ ಬಂದು ಅಂಗಡಿ ಬಾಗಿಲಿಂದ ಮೇಲೆ ಹೋಗಿದ್ದೆ. ಮಹಡೀದು ಬರೀ ಹಲಗೆ ನೆಲ. ಕೆಳಗೆ ಮಾತಾಡಿದ್ದೆಲ್ಲ ಮೇಲಕ್ಕೆ ಬರುತ್ತೆ. ನೀವು ಅಳ್ತಿದ್ರಿ. ಕಿವಿ ಮುಚ್ಕೋಬಹುದಿತ್ತು. ಮುಚ್ಕೊಳ್ಳಲಿಲ್ಲ. ಇಮ್ಕೆಗೆ ಇದು ಈಗ್ಲೇ ಗೊತ್ತಾಗ್ತಿರೋದು."

ಇಮ್ಕೆ ಬಾಯಿ ತೆರೆದಳು. ಥೇಡಾ ಅವಳತ್ತ ಒಂದು ನೋಟ ಹಾಯಿಸಿದಳು. ಬಾಯಿ ಮುಚ್ಚಿಕೊಂಡಿತು. ಅಷ್ಟು ಬೇಗ ಮುಚ್ಚಿಕೊಂಡದ್ದು ಥೇಡಾಳ ಎದೆಗೆ ಸಣ್ಣಗೆ ಚುಚ್ಚಿತು.

"ಕದ್ದು ಕೇಳ್ದೆ" ಎಂದಳು ಫೋಲ್ಕ.

"ಹೌದು."

"ಕದ್ದು ಕೇಳಿ ಮಾರ್ಕೊಂಡೆ."

"ಹೌದು."

"ಹಾಗಾದ್ರೆ ನಾನು ಕೊನೇಲಿ ಏನಂದೆ ಅನ್ನೋದನ್ನೂ ಕೇಳಿರ್ಬೇಕು. ಹಗ್ಗ ಕತ್ತರಿಸಿದ್ದು ಹೇಳಿದ ಮೇಲೆ ಒಂದು ಮಾತಂದೆ. ಅದು ಪುಸ್ತಕದಲ್ಲಿಲ್ಲ. ಹೇಳು ನೋಡೋಣ."

ಇಮ್ಕೆ ಹೇಳಿದ್ದು ಹಗ್ಗಕ್ಕೇ ಮುಗಿದಿತ್ತು. ಆಮೇಲೆ ಇನ್ನೊಂದು ಮಾತಿತ್ತೆಂದು ಥೇಡಾಳಿಗೆ ಗೊತ್ತೇ ಇರಲಿಲ್ಲ. ಊಹಿಸಬಹುದಿತ್ತು, ಊಹಿಸುವುದೇ ಅವಳ ಕಸುಬು. ಆದರೆ ತಪ್ಪಿದರೆ ಬೆಲೆ ತೆರುವವಳು ಇಮ್ಕೆ. ಅಥವಾ ಅಂಥ ಮಾತೇ ಇರಲಿಲ್ಲವೇನೋ, ಬರೀ ಬಲೆಯೇನೋ. ಸುಮ್ಮನಿರುವುದು ಕಳ್ಳರಿಗೆ ಒಪ್ಪುತ್ತದೆ. ಎದ್ದು ಬಾಗಿಲ ಹಿಂದಿದ್ದ ಕೋಟು ತೆಗೆದುಕೊಂಡಳು.

"ಕೂತ್ಕೋ. ಮುಗಿದಿಲ್ಲ" ಎಂದಳು ಫೋಲ್ಕ.

"ಇಮ್ಕೆ, ನಿನ್ನ ಮನೇಲಿದ್ದು ನಾನು ಮಾಡಬಾರದ್ದು ಮಾಡಿದೆ" ಎಂದಳು ಥೇಡಾ, ಗುಂಡಿ ಹಾಕಿಕೊಳ್ಳುತ್ತ. "ಇನ್ನು ಬರಲ್ಲ."

"ನೋಡಿದ್ಯಾ ಇಮ್ಕೆ, ಇಂಥವಳಿಗೆ ನೀನು ಗರಿ ತುಂಬಿದ ಹೊದಿಕೆ ಕೊಟ್ಟು ಮಲಗಿಸ್ತಿದ್ದೆ." ಫೋಲ್ಕ ತನ್ನ ಖಾಲಿ ಬಟ್ಟಲನ್ನು ಇಮ್ಕೆಯ ಕಡೆಗೆ ನೀಡಿದಳು. "ಸುರಿ. ಮೂರನೇದು ಬಾಕಿ ಇದೆ."

ಇಮ್ಕೆ ಸುರಿದಳು. ಥೇಡಾ ಸೂಟ್‌ಕೇಸು ಎತ್ತಿಕೊಂಡಳು. ಅಂಗಡಿಯ ಕಪಾಟುಗಳ ನಡುವೆ, ತನ್ನದೇ ಪುಸ್ತಕದ ರಾಶಿಯ ಪಕ್ಕದಲ್ಲಿ ಹಾದು ಬೀದಿಬಾಗಿಲಿಗೆ ಬಂದಳು. ಹಿಂದಿನಿಂದ ಮುದುಕಿಯ ದನಿ ಕೇಳಿತು. ಎದುರಿಗೆ ಕೂತವಳೊಡನೆ ಆಡಲು ಬೇಕಾದದ್ದಕ್ಕಿಂತ ತುಸು ಗಟ್ಟಿಯಾಗಿಯೇ ಇತ್ತು ಆ ದನಿ.

"ನಿಂಗೆ ನೆನಪಿದೆಯಲ್ಲ ಇಮ್ಕೆ, ನಾನು ಕೊನೇಲಿ ಅಂದದ್ದು. ಹಗ್ಗ ಕತ್ತರಿಸಿ ಒಳಗೆ ಬಂದು ಅವನ ಬಟ್ಟಲು ನೋಡ್ದೆ, ಆಗ ಅದರಲ್ಲಿ..."

ಥೇಡಾಳ ಕೈ ಬಾಗಿಲ ಹಿಡಿಯ ಮೇಲೆ ಒಂದು ಉಸಿರಿನಷ್ಟು ಹೊತ್ತು ತಡೆಯಿತು. ಆಮೇಲೆ ಅವಳು ಬಾಗಿಲು ತೆರೆದು, ಉಳಿದ ಮಾತು ಕೇಳಿಸದಂತೆ ಗಾಳಿಗೆ ಕಿವಿಕೊಟ್ಟು, ಬಸ್ಸು ನಿಲ್ಲುವ ಕಡೆಗೆ ನಡೆದಳು.