ಸೋಪು ಹಾಕಿ ತೊಳೆದ ತೊಗಲು

ಚಳ್ಳಕೆರೆ ಹತ್ತಿರದ ಒಂದು ಲ್ಯಾಬಿನಲ್ಲಿ ಬ್ಯಾಕ್ಟೀರಿಯಾಗಳ ಮೈಮೇಲಿನ ಪ್ರೋಟೀನು ನೋಡುವುದು ನನ್ನ ಕೆಲಸ. ಕೆಲವು ಕಿಲಾಡಿ ಬ್ಯಾಕ್ಟೀರಿಯಾಗಳು ಆ ಪ್ರೋಟೀನಿಗೆ ಸಕ್ಕರೆಯ ಅಣು ಅಂಟಿಸಿಕೊಳ್ಳುತ್ತವೆ. ದೇಹದ ಕಾವಲು ಕಣಗಳು ‘ಇದು ನಮ್ಮದೇ’ ಎಂದು ಬಿಟ್ಟುಬಿಡುತ್ತವೆ, ರೋಗ ಹಬ್ಬುತ್ತದೆ. ಆ ಸಕ್ಕರೆ ಕಿತ್ತರೆ ಕಳ್ಳ ಸಿಕ್ಕಿಬೀಳುತ್ತಾನೆ.

ರಜೆಗೆಂದು ಮೊಳಕಾಲ್ಮೂರು ಕಡೆಯ ನಮ್ಮೂರಿಗೆ ಹೋದಾಗ ಅವ್ವನಿಗೆ ಇದನ್ನು ವಿವರಿಸಿದೆ. ಅವ್ವ ಕುರಿ ಕೂಡುವ ರೊಪ್ಪದಲ್ಲಿ ಕೂತಿದ್ದಳು.

“ಇದಕ್ಕೂ ಸಂಬಳ ಕೊಡ್ತಾರೇನೇ? ನಾನು ಮಾಡ್ತಿರೋದೂ ಅದೇ ಅಲ್ವಾ?”

ಅವಳ ಕೈಯಲ್ಲಿ ಸತ್ತ ಮರಿಯ ತೊಗಲಿತ್ತು. ಅದನ್ನು ತಬ್ಬಲಿ ಮರಿಯೊಂದರ ಬೆನ್ನಿಗೆ ಕಟ್ಟಿದರೆ, ಮರಿ ಕಳೆದುಕೊಂಡ ಕುರಿ ಮೂಸಿ ನೋಡಿ, ತನ್ನದೇ ಎಂದು ಹಾಲು ಕೊಡುತ್ತದೆ. ನಮ್ಮ ಮನೆಯ ಹಳೇ ಪದ್ಧತಿ.

“ಅವ್ವಾ, ಅದು ಭೇದಿಯಾಗಿ ಸತ್ತ ಮರಿ! ತೊಗಲಿನ ಜೊತೆ ರೋಗಾನೂ ಕಟ್ತೀಯಾ?” ಎಂದು ಕಿರುಚಿ ಕಸಿದುಕೊಂಡೆ. ಬಿಸಿನೀರು, ಸೋಪು ಹಾಕಿ ಗಸಗಸ ಉಜ್ಜಿ, ಬಿಸಿಲಿಗೆ ಒಣಗಿಸಿ, ನಾನೇ ಕಟ್ಟಿದೆ. ಮರಿ ಮದುವೆಗೆ ಹೊರಟವರಂತೆ ಘಮಘಮ ಎನ್ನುತ್ತಿತ್ತು. ಕುರಿ ಒಮ್ಮೆ ಮೂಸಿ, ಅದನ್ನು ಗುಮ್ಮಿ ಕೆಡವಿತು. ಲ್ಯಾಬಿನಲ್ಲಿ ಕಳ್ಳನನ್ನು ಹಿಡಿಯಲು ಮಾಡುವ ಕೆಲಸವನ್ನೇ ಇಲ್ಲೂ ಮಾಡಿದ್ದೆ!

“ಭೇಷ್, ನಿನ್ನ ಓದ್ಸಿದ್ದು ಸಾರ್ಥಕ ಆತು,” ಅಂದಳು ಅವ್ವ. “ನನ್ನ ಬೆರಳು ಮಡಚಾಕೇ ಬರಲ್ಲ, ಹಾಲು ಕರೆಯೋದೆಲ್ಲಿ? ನೀನೇ ಕರ್ದು ಕುಡಿಸು. ಮರಿ ಸತ್ರೆ ನೋಡು, ನಿನ್ನ ಮಾತಾಡ್ಸಲ್ಲ.”

ಮರಿ ಆಗಲೇ ಬಾಡಿಹೋಗಿತ್ತು. ಹೆದರುತ್ತಲೇ ಕುರಿಯ ಕೆಚ್ಚಲಿಗೆ ಕೈಹಾಕಿದೆ. ಬಾಟಲಿಗೆ ಬಿದ್ದದ್ದಕ್ಕಿಂತ ನನ್ನ ವೇಲಿನ ಮೇಲೆ ಚೆಲ್ಲಿದ ಹಾಲೇ ಹೆಚ್ಚು. ಎರಡು ದಿನ ಕಳೆಯುವಷ್ಟರಲ್ಲಿ ಕುರಿ ನನ್ನನ್ನೇ ತನ್ನ ಮರಿ ಎಂದುಕೊಂಡಿತು! ಮೊಣಕೈ ನೆಕ್ಕಿತು. ಬಚ್ಚಲಿಗೆ ಹೋದರೆ ಬಾಗಿಲಲ್ಲಿ ನಿಂತು ಅರಚಿತು.

“ಹೋಗೇ, ನಿಮ್ಮವ್ವ ಕರೀತಾಳೆ,” ಎಂದು ಅವ್ವ ನಕ್ಕಳು.

ಲ್ಯಾಬಿನ ಸಾರ್ ಫೋನ್ ಮಾಡಿದರು. “ಇನ್ನೆರಡು ದಿನ ರಜೆ ಬೇಕು ಸಾರ್, ಕುರಿ ಬಿಡ್ತಿಲ್ಲ,” ಎಂದೆ. “ಯಾರು ಬಿಡ್ತಿಲ್ಲ?” ಎಂದು ಅವರು ಎರಡು ಸಲ ಕೇಳಿದರು.

ಹೊರಡುವ ಬೆಳಿಗ್ಗೆ ಅವ್ವ ನನ್ನ ಹೆಗಲ ಮೇಲಿದ್ದ, ಇನ್ನೂ ತೊಳೆಯದ ಆ ವೇಲನ್ನು ಎಳೆದುಕೊಂಡು ಮರಿಗೆ ಸುತ್ತಿದಳು. ಕುರಿ ಮೂಸಿತು, ಮತ್ತೆ ಮೂಸಿತು, ಕಾಲಗಲಿಸಿ ನಿಂತಿತು. ಮರಿ ಬಾಲ ಅಲ್ಲಾಡಿಸುತ್ತ ಚೀಪತೊಡಗಿತು. ಸದ್ಯ, ಬದುಕಿತು! ಖುಷಿಗೆ ನನ್ನ ಕಣ್ಣು ತುಂಬಿತು.

“ಬರ್ತೀನಿ ಕಣೇ,” ಎಂದು ಕುರಿಯ ಬೆನ್ನು ಸವರಿದೆ. ಅದು ತಿರುಗಿಯೂ ನೋಡಲಿಲ್ಲ. ಬಸ್ಸಿನಲ್ಲಿ ಚಳ್ಳಕೆರೆಯವರೆಗೂ ಆ ಮರಿಯ ಮೇಲೆ ನನಗೆ ಹೊಟ್ಟೆ ಉರಿಯುತ್ತಲೇ ಇತ್ತು.