ಗಿರಣಿಯ ಸಂದಿನ ಸ್ಕ್ರೂ

ನಾನು ನಿಂತಿದ್ದು ಐನಾಪುರದ ನಮ್ಮ ಓಣಿಯ ಹಿಟ್ಟಿನ ಗಿರಣಿಯೊಳಗೆ, ಬಾಗಿಲಿನ ಬಲಕ್ಕೆ, ಗೋಡೆಗೆ ಬಡಿದಿದ್ದ ಸ್ಟಾರ್ಟರ್ ಡಬ್ಬಿಯ ಕೆಳಗೆ. ಎರಡು ಸಾವಿರದ ಆರನೇ ಇಸವಿಯ ಬೇಸಿಗೆ ರಜೆ. ಹೊತ್ತು ನೆತ್ತಿಗೆ ಬಂದಿತ್ತು. ನಾನು ಐದನೇ ಇಯತ್ತೆ ಮುಗಿಸಿದ್ದೆ.

ಆಗೆಲ್ಲ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳಲು ಬರುತ್ತಿರಲಿಲ್ಲ. ಗಿರಣಿಯ ಶಂಕರ ಕಾಕಾ ಅದಕ್ಕೊಂದು ರೂಢಿ ಮಾಡಿಕೊಂಡಿದ್ದರು. ಸ್ಟಾರ್ಟರಿನ ಹಸಿರು ಗುಂಡಿ ಒತ್ತಿ, ಅದು ಮೇಲೇಳದಂತೆ ಬಿದಿರಿನ ಕಡ್ಡಿಯೊಂದನ್ನು ಸಿಗಿಸಿ ಮನೆಗೆ ಹೋಗುತ್ತಿದ್ದರು. ಕರೆಂಟು ಬಂದರೆ ಗಿರಣಿ ತಾನೇ ತಿರುಗುತ್ತಿತ್ತು. ಆ ಸದ್ದು ಕೇಳಿ ಅವರೂ ಬರುತ್ತಿದ್ದರು, ಡಬ್ಬಿ ಹೊತ್ತ ಹೆಂಗಸರೂ ಬರುತ್ತಿದ್ದರು. ಒಮ್ಮೆ ಆ ಕಡ್ಡಿ ಮುಟ್ಟಿ ಕಾಕಾನ ಕೈಯಿಂದ ಕಪಾಳಕ್ಕೆ ಏಟು ತಿಂದಿದ್ದೆ.

ಅಂದು ನಮ್ಮ ಜೋಳ ಬೀಸಿ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಕಾಕಾ ಕಡ್ಡಿ ಸಿಗಿಸಿ ಊಟಕ್ಕೆ ಹೋದರು. ಅಪ್ಪನ ತಾಯಿ, ನಮ್ಮ ಆಯಿ, ಒಳಗುಳಿದ ಹಿಟ್ಟನ್ನು ಮಂದಿಯ ಗೋದಿಯಲ್ಲಿ ಬೆರೆಯಲು ಬಿಡುವವಳಲ್ಲ. ನನ್ನ ತಂಗಿ ಸುವರ್ಣಾಗೆ ಆಗ ಏಳು ವರ್ಷ, ಕೈ ಸಣ್ಣದು. ಹಿಟ್ಟು ಬೀಳುವ ಬಾಯಿಯೊಳಗೆ ಕೈಹಾಕಿ ಬಳಿದು ತೆಗೆಯಲು ಆಯಿ ಅವಳಿಗೆ ಹೇಳಿದಳು. ಬಿಸಿ ಹಿಟ್ಟಿನ ವಾಸನೆ ಇನ್ನೂ ಆರಿರಲಿಲ್ಲ. ಸುವರ್ಣಾ ಮೊಣಕೈವರೆಗೆ ಕೈಹಾಕಿದಳು. ತೆಗೆಯಲು ಬರಲಿಲ್ಲ. ಅವಳ ಸ್ಟೀಲಿನ ಕಡಗ ಒಳಗಿನ ತಗಡಿಗೆ ಸಿಕ್ಕಿತ್ತು. ಬೆರಳಿಗೆ ಬೀಸುವ ಕಲ್ಲು ತಾಗುತ್ತದೆ ಎಂದು ಅತ್ತಳು.

ಆಯಿಯ ಕೂಗು ಕೇಳಿ ಕಾಕಾ ಓಡಿಬಂದರು. ಪಂಪಿನ ಮೋಟಾರು ರಿಪೇರಿ ಮಾಡುವ ದಿಲೀಪ ಮಾಮಾನನ್ನೂ ಕರೆತಂದರು. ತಗಡಿಗೆ ಎರಡು ಸ್ಕ್ರೂ. ಮುಂದಿನದು ಬೇಗ ಬಂತು. ಇನ್ನೊಂದು ಹಿಂದೆ, ಗೋಡೆಯ ಕಡೆಗೆ. ಮಶೀನಿಗೂ ಗೋಡೆಗೂ ನಡುವೆ ನಾಲ್ಕು ಬೆರಳಿನ ಸಂದು. ನೇರ ಸ್ಕ್ರೂಡ್ರೈವರ್ ಅಲ್ಲಿ ಹಿಡಿಸುವಂತಿರಲಿಲ್ಲ.

ಮಾಮಾ ಬಟ್ಟೆಯ ಸುರುಳಿ ಬಿಚ್ಚಿ ತುದಿ ಮಣಿದ ಮೂರು ಸ್ಕ್ರೂಡ್ರೈವರ್ ಹೊರಗಿಟ್ಟ. ಒಂದು ಉದ್ದ, ಒಂದು ತೆಳ್ಳಗಿನದು, ಒಂದು ಗಿಡ್ಡ. ಯಾವುದನ್ನೂ ಎತ್ತಿಕೊಳ್ಳಲಿಲ್ಲ. ಸಂದಿಗೆ ಕೈ ಇಳಿಸಿ ಸ್ಕ್ರೂವಿನ ತಲೆಯನ್ನು ಉಗುರಿನಿಂದ ಸವರಿದ.

"ಯಾವುದರ ಒಂದು ಹಾಕೋ ನಮ್ಮಪ್ಪಾ," ಅಂದಳು ಆಯಿ. "ಕೂಸಿನ ಕೈ ಬಾತಕೊಳ್ಳಾಕತ್ತೈತಿ."

"ಯಾವುದರ ಹಾಕಿದ್ರ ತಲಿ ಸವದ ಹೋಗತೈತಿ ಆಯಿ. ಆಮ್ಯಾಲ ಸುತ್ತಗಿನ ತಗೋಬೇಕು, ಕೈ ಒಳಗ ಇರುವಾಗ."

ಉದ್ದದ್ದನ್ನು ಇಳಿಸಿ ನೋಡಿದ. ತಿರುಗಿಸಹೋದರೆ ಹಿಡಿ ಗೋಡೆಗೆ ಬಡಿಯಿತು. ತೆಳ್ಳಗಿನದು ಸ್ಕ್ರೂವಿನ ಸೀಳಿನಲ್ಲಿ ಅಲುಗಾಡಿತು, ಬಲ ಹಾಕದೆ ತೆಗೆದಿಟ್ಟ. ಸೀಳಿನೊಳಗೆ ಗಟ್ಟಿಯಾಗಿದ್ದ ಹಿಟ್ಟನ್ನು ಆಯಿಯ ಪಿನ್ನಿನಿಂದ ಕೆದರತೊಡಗಿದ. ಕೆದರುತ್ತ ಸುವರ್ಣಾಗೆ, "ಗಿರಣಿ ನಿನ್ನ ಕಡಗಾ ಕೇಳಾಕತ್ತೈತಿ. ಕೊಡಂಗಿಲ್ಲ ಅನ್ನು," ಅಂದ.

ಕರೆಂಟು ಇಲ್ಲ, ಹೆದರಬೇಡ್ರಿ ಎಂದು ಕಾಕಾ ಎರಡು ಸಲ ಹೇಳಿದರು. ಅವರು ಸಿಗಿಸಿದ್ದ ಕಡ್ಡಿ ಹಾಗೇ, ನನ್ನ ತಲೆಯಿಂದ ಒಂದು ಗೇಣು ಮೇಲಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಕೈ ಚಾಚಿದರೆ ಸಿಗುತ್ತಿತ್ತು. ಕಾಕಾ ಎದುರಿಗಿದ್ದರು, ಕೈ ಏಳಲಿಲ್ಲ. ಬಾಯಿಬಿಟ್ಟು ಹೇಳಲೂ ಇಲ್ಲ. ಸುವರ್ಣಾ ನನ್ನ ಕಡೆ ತಿರುಗಿದಳು, ಆಮೇಲೆ ನಾನು ನೋಡುತ್ತಿದ್ದ ಕಡೆ ನೋಡಿದಳು.

ಮಾಮಾ ಗಿಡ್ಡದ್ದನ್ನು ಇಳಿಸಿದ. ಅದರ ಎರಡೂ ತುದಿ ಮಣಿದಿದ್ದವು, ಒಂದರ ಅಲಗು ಅಡ್ಡ, ಇನ್ನೊಂದರದು ಉದ್ದಕ್ಕೆ. ಕಾಲು ಸುತ್ತು ತಿರುಗಿಸಿ ತೆಗೆದು, ತುದಿ ಬದಲಿಸಿ ಮತ್ತೆ ಕಾಲು ಸುತ್ತು. ನಾನು ಎಣಿಸಿದೆ. ಇಪ್ಪತ್ತೆರಡನೆಯದಕ್ಕೆ ತಗಡು ಸಡಿಲಾಯಿತು. ಕೈ ಹೊರಬಂತು.

ಆಯಿ ಅವಳನ್ನು ಎತ್ತಿಕೊಂಡು ಇನ್ನೂ ಹೊಸ್ತಿಲು ದಾಟಿರಲಿಲ್ಲ. ಬಲ್ಬು ಹತ್ತಿತು. ಗಿರಣಿ ತಾನೇ ತಿರುಗಿತು.

ಕಾಕಾ ಸ್ಟಾರ್ಟರ್ ನೋಡುತ್ತ ನಿಂತೇಬಿಟ್ಟರು. ಕಡ್ಡಿ ಕಿತ್ತವನು ದಿಲೀಪ ಮಾಮಾ.

ಈಗ ಮನೆಮನೆಗೆ ಸಣ್ಣ ಗಿರಣಿ ಬಂದಿದೆ. ಓಣಿಯಲ್ಲಿ ಆ ಬಿಸಿ ಹಿಟ್ಟಿನ ವಾಸನೆ ಇಲ್ಲ, ಡಬ್ಬಿ ಹೊತ್ತು ಬರುವವರೂ ಇಲ್ಲ. ಆಯಿ ಹೋದಳು, ಕಾಕಾ ಹೋದರು. ಅಂದಿನದನ್ನು ಕಂಡವರಲ್ಲಿ ಬದುಕಿರುವವರು ಮೂವರು. ದಿಲೀಪ ಮಾಮಾ, ಕೈ ನಡುಗುವುದರಿಂದ ಕೆಲಸ ಬಿಟ್ಟಿದ್ದಾನೆ. ನಾನು. ಮತ್ತೆ ಸುವರ್ಣಾ. ಎರಡೂ ಕೈಯಿಂದ ರೊಟ್ಟಿ ಬಡಿಯುತ್ತಾಳೆ, ನನಗೆ ಬಿಸಿಬಿಸಿ ಹಾಕುತ್ತಾಳೆ. ಅಂದು ನಾನು ಎಲ್ಲಿ ನೋಡುತ್ತಿದ್ದೆ ಎಂದು ಅವಳಿಗೆ ಗೊತ್ತು. ಕಡ್ಡಿ ಯಾಕೆ ಕೀಳಲಿಲ್ಲ ಎಂದು ಇವತ್ತಿನವರೆಗೆ ಕೇಳಿಲ್ಲ.